ಉಪಯೋಗವಿಲ್ಲದ ಬಳ್ಳಿಗೂ ಒಂದು ಮೂಲೆ ಇರಲಿ

‘ಇದರಿಂದ ಏನು ಉಪಯೋಗ?’ ಎಂಜಿನಿಯರಿಂಗ್ ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. ಹಾಡು ಕಲಿತರೂ, ಕಾದಂಬರಿ ಹಿಡಿದರೂ, ಭಾನುವಾರ ಸುಮ್ಮನೆ ಕೂತರೂ ಇದೇ ಪ್ರಶ್ನೆ. ರೆಸ್ಯೂಮೆಗೆ ಸೇರದ್ದು ಲೆಕ್ಕಕ್ಕಿಲ್ಲ. ಮನೆಯ ಕಾಂಪೌಂಡಿನ ಬದಿಯಲ್ಲಿ ನಾನು ಮಾರ್ನಿಂಗ್ ಗ್ಲೋರಿ ಬೀಜ ಹಾಕಿದಾಗ ಅಪ್ಪ ಕೇಳಿದ್ದೂ ಅದನ್ನೇ. ‘ಅಲ್ಲಿ ಬಸಳೆ ಹಬ್ಬಿಸಿದ್ದರೆ ವಾರಕ್ಕೊಂದು ಸಾರಾದರೂ ಆಗ್ತಿತ್ತು.’

ಅಪ್ಪನ ಮಾತಿನಲ್ಲಿ ಹುರುಳಿದೆ. ಈ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರಿದಂತೆ ಮುದುಡುತ್ತದೆ. ಮಾಲೆ ಕಟ್ಟಲಾಗದು, ಮುಡಿಯಲಾಗದು, ಸಂಜೆಯ ಪೂಜೆಗೆ ಉಳಿಯದು. ನಮ್ಮ ಗೆಣಸಿನ ದಾಯಾದಿಯೇ ಆದರೂ ಅಗೆದರೆ ತಿನ್ನಲು ಏನೂ ಸಿಗದು. ಹೂವು ನೋಡದವರು ಗೆಣಸಿನ ಹೂವನ್ನು ನೆನಪಿಸಿಕೊಳ್ಳಿ. ಅದೇ ಕಹಳೆಯ ಆಕಾರ, ಬಣ್ಣ ಮಾತ್ರ ನೀಲಿ, ನೇರಳೆ, ಗುಲಾಬಿ, ಬಿಳಿ.

ಬೆಳೆಸುವುದೂ ಕಷ್ಟವಲ್ಲ. ಬೀಜದ ಸಿಪ್ಪೆ ಗಟ್ಟಿ. ಸ್ಯಾಂಡ್ ಪೇಪರಿನಲ್ಲಿ ಸ್ವಲ್ಪ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಅರ್ಧ ಇಂಚು ಆಳಕ್ಕೆ ಊರಬೇಕು. ಆರು ಗಂಟೆ ಬಿಸಿಲು, ಹಬ್ಬಲೊಂದು ಹಗ್ಗ ಸಾಕು. ಗೊಬ್ಬರ ಅತಿಯಾದರೆ ಎಲೆಯೇ ಎಲೆ, ಹೂವು ಕಡಿಮೆ. (ನಮ್ಮ ಕೋಚಿಂಗ್ ಕ್ಲಾಸಿನವರು ಇದನ್ನು ಗಮನಿಸಬೇಕು!) ‘ಹೆವೆನ್ಲಿ ಬ್ಲೂ’ ತಳಿಯ ಮೊಗ್ಗು ಕೆನ್ನೇರಳೆ, ಅರಳಿದರೆ ಆಕಾಶನೀಲಿ. ಬಣ್ಣದ ದ್ರವ್ಯ ಅದೇ. ದಳದ ಕೋಶದೊಳಗಿನ ಪಿಎಚ್ ಮಾತ್ರ ಸುಮಾರು 6.6ರಿಂದ 7.7ಕ್ಕೆ ಏರಿರುತ್ತದೆ. ಲ್ಯಾಬಿನ ಲಿಟ್ಮಸ್ ಕಾಗದ ಕಲಿಸಿದ ಪಾಠವನ್ನು ಬೇಲಿಯ ಮೇಲೆ ನೋಡುವ ಖುಷಿಯೇ ಬೇರೆ.

ಹೂವಿಗೆ ಜೇನು ಬರುತ್ತದೆ, ಪಕ್ಕದ ಸೌತೆ ಬಳ್ಳಿಗೂ ಅನುಕೂಲ ಎಂದು ನಾನು ಅಪ್ಪನ ಮುಂದೆ ವಾದಿಸಬಹುದಿತ್ತು. ಹಾಗೆ ವಾದಿಸಿದರೆ ಮತ್ತೆ ‘ಉಪಯೋಗ’ದ ತಕ್ಕಡಿಯನ್ನೇ ಒಪ್ಪಿಕೊಂಡಂತೆ. ನನ್ನ ತಕರಾರು ಇರುವುದು ಆ ತಕ್ಕಡಿಯ ಬಗ್ಗೆಯೇ.

ಕ್ಯಾಂಪಸ್ ಸಂದರ್ಶನದ ಪಟ್ಟಿಯಲ್ಲಿ ಹೆಸರು ಬಾರದ ದಿನ ಸೀನಿಯರ್ ಒಬ್ಬರು, ‘ನನ್ನಿಂದ ಯಾರಿಗೇನು ಉಪಯೋಗ?’ ಅಂದಿದ್ದನ್ನು ಕೇಳಿದ್ದೇನೆ. ಚೆನ್ನಾಗಿ ಓದುವವರು, ಸ್ನೇಹಿತರಿಗೆ ಪಾಠ ಹೇಳಿಕೊಟ್ಟವರು. ಆ ಪ್ರಶ್ನೆ ಅವರೊಳಗೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಪ್ರತಿ ಗಂಟೆಯನ್ನೂ ಪ್ರತಿ ಇಷ್ಟವನ್ನೂ ಲಾಭದಲ್ಲಿ ಅಳೆದು ರೂಢಿಯಾದವರು, ಸೋತ ದಿನ ತಮ್ಮನ್ನೂ ಅದೇ ಅಳತೆಗೋಲಿನಲ್ಲಿ ಅಳೆದುಕೊಳ್ಳುತ್ತಾರೆ. ಅದಕ್ಕೇ ಲೆಕ್ಕಕ್ಕೆ ಸಿಗದ ಒಂದಾದರೂ ಕೆಲಸ ನಮ್ಮ ದಿನದಲ್ಲಿ ಇರಬೇಕು ಅನ್ನುವುದು.

ತಂತ್ರಜ್ಞಾನಕ್ಕೆ ಹೆಸರಾದ ಜಪಾನಿನಲ್ಲಿ ಒಂದನೇ ತರಗತಿಯ ಮಕ್ಕಳು ಕುಂಡದಲ್ಲಿ ಇದೇ ಬಳ್ಳಿ ಬೆಳೆಸಿ, ದಿನದಿನದ ಬದಲಾವಣೆ ಬರೆದಿಡುವ ವಾಡಿಕೆ ಇದೆ. ಅಲ್ಲಿ ಇದರ ಹೆಸರು ‘ಅಸಗಾವೊ’, ಅಂದರೆ ಬೆಳಗಿನ ಮುಖ. ಆ ಮಕ್ಕಳಿಗೆ ಸಿಗುವುದು ನೋಡುವ ಅಭ್ಯಾಸ, ಕಾಯುವ ಅಭ್ಯಾಸ.

ಬೆಳೆಸುವವರಿಗೆ ಜವಾಬ್ದಾರಿಯೂ ಇದೆ. ಬೀಜ ವಿಷಕಾರಿ, ಮಕ್ಕಳ ಕೈಗೆ ಸಿಗಬಾರದು. ವರ್ಷಾನುಗಟ್ಟಲೆ ಉಳಿಯುವ ನೀಲಿ ಜಾತಿಯೊಂದು ಕಾಂಡದ ಗೆಣ್ಣಿನಿಂದಲೇ ಬೇರು ಬಿಟ್ಟು ಪಕ್ಕದವರ ಜಾಗಕ್ಕೂ ನುಗ್ಗುತ್ತದೆ. ಒಂದು ವರ್ಷದ ತಳಿಯನ್ನೇ ಆರಿಸಿ, ಕಾಯಿ ಒಣಗಿ ಬೀಜ ಚೆಲ್ಲುವ ಮೊದಲೇ ಕಿತ್ತಿಡಿ.

ಬಸಳೆ ಬೇಡ ಎಂದು ನಾನು ಹೇಳುತ್ತಿಲ್ಲ. ಮುಕ್ಕಾಲು ಬೇಲಿ ಅಡುಗೆಮನೆಗಿರಲಿ. ಉಳಿದ ಕಾಲು ಭಾಗದ ಬಗ್ಗೆ ಯಾರೂ ಲೆಕ್ಕ ಕೇಳದಿರಲಿ.