ಮೈಕಿಗಿಂತ ಮೊದಲು ಹುಳ ಸುಮ್ಮನಾಗಲಿ

ಮೊದಲೇ ಹೇಳಿಬಿಡ್ತೀನಿ, ನಾನು ಸೌಂಡ್ ಎಂಜಿನಿಯರ್ ಅಲ್ಲ. ಬೆಂಗಳೂರಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ಬಡಪಾಯಿ. ಊರು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ.

ನಮ್ಮಜ್ಜಿ ಸೋಬಾನೆ ಹಾಡ್ತಾಳೆ. ಎಣ್ಣೆ ಶಾಸ್ತ್ರಕ್ಕೊಂದು, ಧಾರೆಗೊಂದು, ಹೆಣ್ಣು ಒಪ್ಪಿಸೋದಕ್ಕೊಂದು. ಇದನ್ನೆಲ್ಲ ರೆಕಾರ್ಡ್ ಮಾಡಿಡಬೇಕು ಅಂತ ತಲೆಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮೈಕುಗಳ ರಿವ್ಯೂ ಓದೋಕೆ ಕೂತೆ. ಆರು ತಿಂಗಳು! ಕಂಡೆನ್ಸರಾ, ಡೈನಮಿಕ್ಕಾ, ಆಡಿಯೋ ಇಂಟರ್‌ಫೇಸ್ ಬೇಕಾ ಬೇಡವಾ... ಕೊನೆಗೆ ನಾಲ್ಕೂವರೆ ಸಾವಿರ ಕೊಟ್ಟು ಯುಎಸ್‌ಬಿ ಕಂಡೆನ್ಸರ್ ಮೈಕ್ ತಗೊಂಡು, ಲ್ಯಾಪ್‌ಟಾಪಿಗೆ ಆಡಾಸಿಟಿ ಹಾಕಿಕೊಂಡು (2000ದಿಂದಲೂ ಪುಕ್ಕಟೆ, ಸದ್ಯ!) ಊರಿಗೆ ಹೋದೆ.

ಹೆಡ್‌ಫೋನ್ ಹಾಕಿ ಕೇಳಿದರೆ ಹಾಡಿನ ಹಿಂದೆ ಜೋರು ಮಳೆ. ಹೊರಗೆ ನೋಡಿದರೆ ಸುಡುಬಿಸಿಲು. ಅದು ಪಕ್ಕದ ಕೋಣೆಯಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳ ಸೊಪ್ಪು ಮೇಯೋ ಸದ್ದು! ಹುಟ್ಟಿದಾಗಿನಿಂದ ಕೇಳಿದ ನನ್ನ ಕಿವಿ ಅದನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ, ಮೈಕು ತಗೊಂಡಿತ್ತು. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಅಂತ ಇದೆ ನಿಜ. ಗದ್ದಲದ ಒಂದು ತುಣುಕು ತೋರಿಸಿದರೆ ಅಂಥದ್ದನ್ನ ಇಡೀ ಹಾಡಿಂದ ತಗ್ಗಿಸುತ್ತೆ. ಆದರೆ ಮಳೆಯಂಥ ಸದ್ದು ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹರಡಿರುತ್ತೆ. ಜಾಸ್ತಿ ಉಜ್ಜಿದೆ ನೋಡಿ, ಸಕಾರ ಶಕಾರಗಳೂ ಜೊತೆಗೇ ಹೋದವು. ಅಜ್ಜಿ ಬಾವಿಯೊಳಗಿಂದ ಹಾಡಿದ ಹಾಗಿತ್ತು.

ಪರಿಹಾರ ಹೇಳಿದ್ದು ಅಜ್ಜಿಯೇ. "ಹುಳ ಜ್ವರಕ್ಕೆ ಕೂತ್ಕಂಡಾಗ ಬಾರ್ಲಾ ಮಗ, ಆಗ ಯಾವ್ದೂ ಮೇಯಾಕಿಲ್ಲ." ಪೊರೆ ಬಿಡೋ ಆ ಹೊತ್ತಲ್ಲಿ ಹೆಚ್ಚುಕಮ್ಮಿ ಒಂದು ದಿನ ಹುಳ ಏನೂ ತಿನ್ನದೆ ತಲೆ ಎತ್ತಿಕೊಂಡು ಸುಮ್ಮನಿರುತ್ತೆ. ಖರ್ಚು ಸೊನ್ನೆ!

ಎರಡನೇ ಸಲ ಹಾಗೇ ಮಾಡಿದೆ. ಫ್ಯಾನು, ಫ್ರಿಜ್ಜು ಆಫ್. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿದ್ದಕ್ಕೆ ಕರೆಂಟಿನ ಗುಂಯ್ ಅನ್ನೋದೂ ಹೋಯ್ತು. ಚಪ್ಪಾಳೆ ತಟ್ಟಿ ನೋಡಿ, ಗೋಡೆ ತಿರುಗಿ ಸದ್ದು ಮಾಡಿದ ಕಡೆ ಕಂಬಳಿ ನೇತು ಹಾಕಿದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಟ್ರ್ಯಾಕಲ್ಲಿ ಹಾಡಿಸೋ ಆಸೆ ಬಿಟ್ಟೆ. ಸೊಲ್ಲು ಎತ್ತೋ ಅಜ್ಜಿ ಮೈಕಿನ ಹತ್ತಿರ, ಹಿಂದೆ ಹೇಳೋ ದೊಡ್ಡಮ್ಮಂದಿರು ಎರಡು ಹೆಜ್ಜೆ ಹಿಂದೆ. ಮಿಕ್ಸಿಂಗ್ ಅಲ್ಲೇ ಮುಗೀತು. ಎಂಪಿ3 ಮಾಡಲಿಲ್ಲ, ಡಬ್ಲ್ಯೂಎವಿ ಆಗಿಯೇ ಇಟ್ಟೆ. ಮೋನೋದಲ್ಲಿ ನಿಮಿಷಕ್ಕೆ ಬರೀ ಐದು ಎಂಬಿ ಚಿಲ್ಲರೆ.

ಹಾಂ, ಒಂದು ಮರೆತೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೈಕೇ ಇರಲಿಲ್ಲ, ಕೊಳವೆಯೊಳಗೆ ಹಾಡಬೇಕಿತ್ತು. ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡು ಅಂತ ತಿಳಿಯಲಿ ಅಂತ ಹಾಡಿನ ಕೊನೆಗೆ ತನ್ನ ಹೆಸರು ಹೇಳುತ್ತಿದ್ದಳು. ಅಜ್ಜಿಯಿಂದಲೂ ಹೆಸರು, ಊರು, ಯಾರಿಂದ ಕಲಿತದ್ದು ಅಂತ ಹೇಳಿಸಿದೆ. ನಾಚಿಕೊಂಡಳು :)

ಈಗ ನನ್ನ ತಮ್ಮ ಇದಕ್ಕೆ ಕೀಬೋರ್ಡ್, ಬೀಟ್ಸ್ ಸೇರಿಸೋಣ, ಆಟೋಟ್ಯೂನ್ ಹಾಕೋಣ ಅಂತಾನೆ. ಬೇರೆ ಕಾಪಿ ಮೇಲೆ ಏನಾದರೂ ಮಾಡಿಕೋ ಅಂದಿದ್ದೀನಿ. ಅಜ್ಜಿ ಸ್ವರ ಎಳೆದು ಮೇಲಕ್ಕೆ ಜಾರಿಸೋದು ತಪ್ಪಲ್ಲ, ಆ ಹಾಡು ಇರೋದೇ ಹಾಗೆ. ಆಟೋಟ್ಯೂನಿಗೆ ಅದು ಹೇಗೆ ಗೊತ್ತಾಗಬೇಕು?

ಒಟ್ಟು ಹನ್ನೊಂದು ಹಾಡು ಸಿಕ್ಕಿವೆ. ಅಜ್ಜಿಗೆ ಇನ್ನೂ ಎಷ್ಟೋ ಬರ್ತವೆ, ಆದರೆ ಈಗ ಎರಡು ಸಾಲಿಗೇ ಕೆಮ್ಮು. ಆ ಆರು ತಿಂಗಳು ನಾನು ರಿವ್ಯೂ ಓದ್ತಾ ಕೂತಿದ್ದಾಗ ಅವಳು ಆರಾಮಾಗಿ ಹಾಡ್ತಿದ್ದಳು. ಮೊಬೈಲು ನನ್ನ ಜೇಬಲ್ಲೇ ಇತ್ತು. ಅದರಲ್ಲೇ ಒತ್ತಿದ್ದರೆ ಸಾಕಾಗ್ತಿತ್ತು. ಮೈಕ್ ಯಾವುದು ತಗೋಬೇಕು ಅಂತ ಕೇಳೋರಿಗೆ ಅದಕ್ಕೇ ನಾನು ಹೇಳೋದು, ಮೊದಲು ಇವತ್ತು ಸಂಜೆ ರೆಕಾರ್ಡ್ ಮಾಡಿ, ಆಮೇಲೆ ಕೇಳಿ.

ಮುಂದಿನ ಬೆಳೆಗೆ ಚಾಕಿ ಬಂದಿದೆಯಂತೆ. ಈ ಸಲ ದೊಡ್ಡಮ್ಮ ಸೊಲ್ಲು ಎತ್ತಬೇಕು, ಅಜ್ಜಿ ಕೂತು ತಪ್ಪು ತಿದ್ದಬೇಕು ಅಂತ ಮಾತಾಗಿದೆ. ಲೆಕ್ಕ ಕೇಳಿಕೊಂಡು ಆಫೀಸಿಗೆ ರಜೆ ಹಾಕಿದ್ದೀನಿ. ಕಾರಣ ಜ್ವರ ಅಂತಲೇ ಬರೆದೆ. ಯಾರಿಗೆ ಅಂತ ಮ್ಯಾನೇಜರ್ ಕೇಳಲಿಲ್ಲ :)