ಮೂರನೆಯ ಸ್ಥಾನದ ಹಿರಿಮೆ

ಸ್ಥಾನವೊಂದು, ಆಕಾಂಕ್ಷಿಗಳು ಇಬ್ಬರು ಎಂದಾದಲ್ಲಿ ಮಾತ್ಸರ್ಯವು ತಲೆಯೆತ್ತುವುದು ಲೋಕದ ರೂಢಿ. ಅಂತಹ ಎಡೆಯಲ್ಲಿಯೇ ಅರಳಿದ ನಿರ್ಮಲ ಸ್ನೇಹವೊಂದರ ಕಥನವೇ ‘ಬ್ರಯಾನ್ಸ್ ಸಾಂಗ್’ ಎಂಬ ಅಮೆರಿಕದ ಚಲನಚಿತ್ರ. 1971ರ ನವೆಂಬರ್ 30ರಂದು ಅಲ್ಲಿಯ ಟೆಲಿವಿಷನ್ನಿನಲ್ಲಿ ಮೊದಲು ಪ್ರಸಾರವಾದ ಈ ಚಿತ್ರವು ನಿಜವಾಗಿ ಬಾಳಿದ ಇಬ್ಬರು ಆಟಗಾರರ ಬದುಕನ್ನು ಆಧರಿಸಿದುದು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು, ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುವ ಮುನ್ನ ಮುನ್ನುಗ್ಗಬೇಕಾದ ಕಠಿಣ ಕ್ರೀಡೆಯದು. ಶಿಕಾಗೊ ಬೇರ್ಸ್ ತಂಡಕ್ಕೆ 1965ರಲ್ಲಿ ಇಬ್ಬರು ಓಟಗಾರರು ಬಂದರು. ಕಪ್ಪು ಜನಾಂಗದ ಗೇಲ್ ಸೇಯರ್ಸ್ ಮೊದಲ ವರ್ಷವೇ ಪ್ರಖ್ಯಾತನಾದನು. ಬಿಳಿಯನಾದ ಬ್ರಯಾನ್ ಪಿಕೊಲೊ 1964ರಲ್ಲಿ ಕಾಲೇಜು ಆಟಗಾರರ ಪೈಕಿ ಓಟದಲ್ಲಿ ದೇಶಕ್ಕೇ ಮೊದಲಿಗನಾಗಿದ್ದರೂ ಆಯ್ಕೆಯ ಸಮಯದಲ್ಲಿ ಯಾವ ತಂಡವೂ ಆತನನ್ನು ಆರಿಸಲಿಲ್ಲ. ತಾನಾಗಿ ಬಂದು ಸೇರಿ, ಸೇಯರ್ಸನ ಬದಲಿ ಆಟಗಾರನಾಗಿ ಕಾದಿರಬೇಕಾಯಿತು. 1967ರಲ್ಲಿ ತಂಡವು ಇವರಿಬ್ಬರನ್ನೂ ಒಂದೇ ಕೊಠಡಿಯಲ್ಲಿರಿಸಿತು. ವರ್ಣಭೇದವು ಇನ್ನೂ ಆಳವಾಗಿ ಬೇರೂರಿದ್ದ ಆ ದಿನಗಳಲ್ಲಿ ಅದು ಆ ತಂಡದಲ್ಲಿ ಹಿಂದೆಂದೂ ನಡೆಯದ ಸಂಗತಿ.

1968ರ ನವೆಂಬರಿನಲ್ಲಿ ಸೇಯರ್ಸನ ಮಂಡಿಗೆ ಭೀಕರ ಪೆಟ್ಟಾಯಿತು. ಬಹುಕಾಲ ಹಂಬಲಿಸಿದ ಸ್ಥಾನವು ಪಿಕೊಲೊನಿಗೆ ಅನಾಯಾಸವಾಗಿ ಒದಗಿತು. ಗೆಳೆಯನು ಚೇತರಿಸಿಕೊಂಡಷ್ಟೂ ತನ್ನ ಸ್ಥಾನಕ್ಕೆ ಕುತ್ತು. ಹೀಗಿದ್ದರೂ ಆತನು ಸೇಯರ್ಸನನ್ನು ಕೆಣಕಿ, ನಗಿಸಿ, ವ್ಯಾಯಾಮಕ್ಕೆ ಹುರಿದುಂಬಿಸಿದನು. ಗೆಳೆಯನು ಪೂರ್ಣ ಬಲದಿಂದಿರುವಾಗ ಅವನನ್ನು ಮೀರಿಸಿದರಷ್ಟೇ ಆ ಗೆಲುವಿಗೆ ಅರ್ಥವೆಂಬುದು ಚಿತ್ರದಲ್ಲಿ ಆತನ ನಿಲುವು. 1969ರಲ್ಲಿ ಸೇಯರ್ಸ್ ಮತ್ತೆ ಕಣಕ್ಕಿಳಿದು 1,032 ಗಜ ಓಡಿ ಲೀಗಿನಲ್ಲಿಯೇ ಅಗ್ರಗಣ್ಯನಾದನು.

ಅದೇ ವರ್ಷ ಪಿಕೊಲೊನ ದೇಹದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. 1970ರಲ್ಲಿ ಅತ್ಯಂತ ಧೈರ್ಯಶಾಲಿ ಆಟಗಾರನೆಂಬ ಪ್ರಶಸ್ತಿಯು ತನಗೆ ಬಂದಾಗ, ಅದಕ್ಕೆ ನಿಜವಾದ ಅರ್ಹನು ಪಿಕೊಲೊನೇ ಎಂದು ಸೇಯರ್ಸ್ ತುಂಬಿದ ಸಭೆಯಲ್ಲಿ ಸಾರಿದನು. ಅದೇ ವರ್ಷದ ಜೂನ್ 16ರಂದು ಪಿಕೊಲೊ ಕೊನೆಯುಸಿರೆಳೆದನು. ಆಗ ಆತನ ವಯಸ್ಸು ಕೇವಲ 26. ಸೇಯರ್ಸ್ ಐವತ್ತು ವರ್ಷಗಳ ತರುವಾಯ, 2020ರಲ್ಲಿ ನಿಧನನಾದನು.

ಚಿತ್ರಕ್ಕೆ ಆಧಾರವಾದ ಸೇಯರ್ಸನ ಆತ್ಮಕಥೆಯ ಹೆಸರು ‘ಐ ಆಮ್ ಥರ್ಡ್’; ಎಂದರೆ ‘ನಾನು ಮೂರನೆಯವನು’. ದೇವರಿಗೆ ಮೊದಲ ಸ್ಥಾನ, ಗೆಳೆಯರಿಗೆ ಎರಡನೆಯದು, ತನಗೆ ಮೂರನೆಯದು ಎಂಬುದು ಅದರ ಭಾವ. ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕಿದವನು ಬಾಳಿನಲ್ಲಿ ತನಗಾಗಿ ಆರಿಸಿಕೊಂಡುದು ಮೂರನೆಯ ಸ್ಥಾನವನ್ನು!

ಓದುಗ ಬಂಧುಗಳೇ, ನೆರೆಮನೆಯ ಮಗುವಿನ ಅಂಕಗಳೊಡನೆ ನಮ್ಮ ಮಗುವಿನ ಅಂಕಗಳನ್ನು ತೂಗಿನೋಡುವುದು ನಮ್ಮಲ್ಲಿ ಸಾಮಾನ್ಯ. ಎಡವಿದ ಸಹಪಾಠಿಗೆ ಕೈನೀಡಿದೆಯಾ ಎಂದು ಮಗುವನ್ನು ಕೇಳುವ ತಂದೆತಾಯಿಗಳು ಎಷ್ಟು ಮಂದಿ? ಮೊದಲಿಗರಾಗುವುದನ್ನು ಮಕ್ಕಳಿಗೆ ಶಾಲೆ ಕಲಿಸೀತು; ಮೂರನೆಯವರಾಗುವುದನ್ನು ಮನೆಯೇ ಕಲಿಸಬೇಕು.