ಸಿಗಡಿಗೆ ಮದ್ದೋ, ಉಷ್ಣಮಾಪಕವೋ?

1962ನೆಯ ಇಸವಿಯಲ್ಲಿ ಇಟಲಿಯ ಫೆರುಚ್ಚೊ ರಿಟೋಸಾ ಎಂಬ ವಿಜ್ಞಾನಿಯು ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಿಸಿದನು. ಹಣ್ಣುನೊಣದ ಮರಿಹುಳುಗಳನ್ನಿರಿಸಿದ್ದ ಪೆಟ್ಟಿಗೆಯ ಉಷ್ಣತೆಯು ಆಕಸ್ಮಿಕವಾಗಿ ಏರಿದಾಗ, ಅವುಗಳ ಲಾಲಾಗ್ರಂಥಿಯ ವರ್ಣತಂತುಗಳು ಅಲ್ಲಲ್ಲಿ ಹೊಸದಾಗಿ ಉಬ್ಬಿಕೊಂಡಿದ್ದುವು. ಉಬ್ಬಿದ ಎಡೆಯಲ್ಲಿ ಜೀನುಗಳು ಎಚ್ಚತ್ತು ಕೆಲಸಕ್ಕೆ ತೊಡಗಿದುವೆಂದೇ ಅರ್ಥ. ಅವುಗಳ ಆಣತಿಯಂತೆ ತಯಾರಾಗುವ ಪ್ರೋಟೀನುಗಳು 1974ರಲ್ಲಿ ಪತ್ತೆಯಾದುವು. ಬಿಸಿಯಿಂದ ಮಡಿಕೆ ಕೆಟ್ಟ ಇತರ ಪ್ರೋಟೀನುಗಳನ್ನು ಸರಿಯಾದ ಆಕಾರಕ್ಕೆ ತರುವುದು ಇವುಗಳ ಕೆಲಸ.

ನೊಣದಲ್ಲಿ ಕಂಡ ಈ ಏರ್ಪಾಡು ಸಿಗಡಿಯಲ್ಲಿಯೂ ಉಂಟು. ಸಿಗಡಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಹುಟ್ಟಿನಿಂದ ಬಂದ ರಕ್ಷಣೆಯೇ ಅದಕ್ಕೆ ಗತಿ. 1990ರ ದಶಕದ ಮೊದಲಲ್ಲಿ ಪೂರ್ವ ಏಷ್ಯದಲ್ಲಿ ತಲೆದೋರಿದ ಬಿಳಿಚುಕ್ಕೆ ರೋಗದ ವೈರಸ್ಸು ಕೆಲವೇ ವರ್ಷಗಳಲ್ಲಿ ನಮ್ಮ ಕರಾವಳಿಗೂ ಹಬ್ಬಿತು. ಸೋಂಕು ತಗುಲಿದ ಕೊಳವು ಹತ್ತು ದಿನಗಳೊಳಗೆ ಬರಿದಾಗಬಲ್ಲುದು. ಆದರೆ ಪ್ರಯೋಗಶಾಲೆಯಲ್ಲಿ ನೀರನ್ನು ಸುಮಾರು 33 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಿಸಿದಾಗ, ಸೋಂಕಿದ ಬಿಳಿಕಾಲಿನ ಸಿಗಡಿಗಳಲ್ಲಿ ಬಹುಪಾಲು ಬದುಕಿಕೊಂಡುವು.

ಹಾಗಾದರೆ ಕೊಳವನ್ನು ಕಾಯಿಸಿದರಾಯಿತೆ? ಆತುರ ಸಲ್ಲದು. 20 ಡಿಗ್ರಿಯ ಒಂದು ಲೀಟರು ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುವುದು. ಉಪ್ಪುನೀರಿನಲ್ಲಿ ಇನ್ನೂ ಕಡಮೆ. ಕಾದ ನೀರಿನಲ್ಲಿ ಸಿಗಡಿಗೆ ಬೇಕಾಗುವ ಉಸಿರೋ ಹೆಚ್ಚು. ಅಷ್ಟೇ ಅಲ್ಲ, ಜೀವಕೋಶವು ಒತ್ತಡಕ್ಕೆ ಸಿಕ್ಕಾಗ ಎಚ್ಚರಗೊಳ್ಳುವ ಕೆಲವು ಜೀನುಗಳನ್ನು ಈ ವೈರಸ್ಸು ತನ್ನ ವೃದ್ಧಿಗೇ ಬಳಸಿಕೊಳ್ಳುವುದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಮನೆಯನ್ನು ಕಾಯಲೆಂದು ಎಬ್ಬಿಸಿದ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ! ಆದುದರಿಂದ ಒತ್ತಡವು ಶತ್ರುವೆಂದಾಗಲಿ ಮಿತ್ರನೆಂದಾಗಲಿ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು. ಎಷ್ಟು, ಎಷ್ಟು ಹೊತ್ತು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಮದ್ದಿನ ಸೀಸೆಯಲ್ಲಿಲ್ಲ, ಅಳತೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಜೀವಿರೋಧಕ ಔಷಧಿಗಳು ಬ್ಯಾಕ್ಟೀರಿಯಗಳನ್ನು ಕೊಲ್ಲಬಹುದು, ವೈರಸ್ಸಿಗೆ ಅವು ನಾಟವು. ಆದರೂ ಸಾಲ ಮಾಡಿ ಕೊಳ ತೋಡಿಸಿದ ಬೇಸಾಯಗಾರನು ಭಯದಿಂದ ಅವನ್ನು ಸುರಿದರೆ ಹಣವೂ ಹಾಳು, ನೀರೂ ಹಾಳು. ಅದಕ್ಕೆ ಬದಲು, ಆಮ್ಲಜನಕವು ಅತ್ಯಂತ ಕಡಮೆಯಾಗಿರುವ ನಸುಕಿನಲ್ಲಿ ಕೊಳದ ದಡಕ್ಕೆ ಹೋಗಿ ಅದನ್ನೂ ಉಷ್ಣತೆಯನ್ನೂ ಅಳೆದು, ದಿನವೂ ಬರೆದಿಡುವುದು ಮೇಲು.

ಭೌತಶಾಸ್ತ್ರವು ಬೇರೆ, ಜೀವಶಾಸ್ತ್ರವು ಬೇರೆ ಎಂದು ಪುಸ್ತಕಗಳನ್ನು ವಿಂಗಡಿಸಿಡುವ ವಿದ್ಯಾರ್ಥಿಮಿತ್ರರು ಇದನ್ನು ಮನಗಾಣಬೇಕು. ನೊಣದ ಪೆಟ್ಟಿಗೆಯ ಉಷ್ಣತೆ ಏರಿದುದನ್ನು ಒಬ್ಬನು ಗಮನಿಸಿದ್ದರಿಂದಲ್ಲವೆ ಇಷ್ಟೆಲ್ಲ ತಿಳಿದುಬಂದುದು?